ಹಕೀಮಾ, ಮುಮರ್ರಿದಾ, ಸಿಸ್ಟರ್

ಇಲ್ಲಿ ಬರೆದು ನಾಲ್ಕು ತಿಂಗಳಾಯ್ತು. ಡೆಡ್‌ಲೈನು, ರಿಲೀಸು ಅಂತ ಕಾರಣ ಕೊಡಬಹುದು. ಆದರೆ ನಿಜವಾದ ಕಾರಣ ಸೋಮಾರಿತನ :)

ಈಗ ನನ್ನನ್ನು ಬರೆಯೋಕೆ ಕೂರಿಸಿದ್ದು ಅರಸೀಕೆರೆಯ ಚಿಕ್ಕಪ್ಪನ ಫೋನು. ಅವರ ಮಗ ಪಿಯುಸಿ ಮುಗಿಸಿದ್ದಾನೆ, ಬಿಎಸ್ಸಿ ನರ್ಸಿಂಗ್ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ. "ಗಂಡು ಹುಡುಗ, ಹೋಗಿ ಹೋಗಿ ನರ್ಸ್ ಆಗ್ತೀನಿ ಅಂತಾನಲ್ಲೋ! ನೀನಾದ್ರೂ ಒಂಚೂರು ಬುದ್ಧಿ ಹೇಳು. ನೀನು ಇಂಜಿನಿಯರು, ನಿನ್ನ ಮಾತು ಕೇಳ್ತಾನೆ" ಅಂದರು. ಭಾನುವಾರ ಮಾತಾಡ್ತೀನಿ ಚಿಕ್ಕಪ್ಪ ಅಂತ ಒಪ್ಪಿಕೊಂಡೆ. ಫೋನ್ ಇಟ್ಟ ಮೇಲೆ ನೆನಪಾಗಿದ್ದು ಅರಸೀಕೆರೆ ಅಲ್ಲ, ರಿಯಾದ್. ಇದೇ ಧಾಟಿಯ ಮಾತನ್ನು ಅಲ್ಲಿಯೂ ಕೇಳಿದ್ದೆ.

2023ರಲ್ಲಿ ಮೂರು ತಿಂಗಳು ಕಂಪನಿ ಕೆಲಸದ ಮೇಲೆ ರಿಯಾದಿನಲ್ಲಿದ್ದೆ. ಒಂದು ಆಸ್ಪತ್ರೆಗೆ ನರ್ಸುಗಳ ಡ್ಯೂಟಿ ಹಂಚುವ ಸಾಫ್ಟ್‌ವೇರ್ ಹಾಕಿಕೊಡಬೇಕಿತ್ತು. ಹಳೆಯ ಎಕ್ಸೆಲ್ ಶೀಟುಗಳಲ್ಲಿದ್ದ ಹೆಸರುಗಳನ್ನೆಲ್ಲ ಹೊಸ ಡೇಟಾಬೇಸಿಗೆ ತುಂಬಿಸುವಾಗ 'ದೇಶ' ಅನ್ನೋ ಕಾಲಮ್ಮಿನ ಮೇಲೆ ಕಣ್ಣು ನಿಂತಿತು. ಫಿಲಿಪ್ಪೀನ್ಸ್, ಇಂಡಿಯಾ, ಇಂಡಿಯಾ, ಫಿಲಿಪ್ಪೀನ್ಸ್, ಜೋರ್ಡಾನ್, ಇಂಡಿಯಾ... ಪುಟಗಟ್ಟಲೆ ಕೆಳಗಿಳಿದರೆ ಅಲ್ಲೊಂದು ಇಲ್ಲೊಂದು ಸೌದಿ ಹೆಸರು. ಆ ಹೆಸರುಗಳಲ್ಲಿ ಹುಡುಗಿಯರದ್ದಕ್ಕೆ ಯಾರೋ ಹಳದಿ ಬಣ್ಣ ಹಚ್ಚಿ, ಪಕ್ಕದಲ್ಲಿ 'ನೈಟ್ ಬೇಡ' ಅಂತ ಬರೆದಿಟ್ಟಿದ್ದರು. ಕಾನೂನೇನಲ್ಲ, ಆ ಆಸ್ಪತ್ರೆಯಲ್ಲಿ ಮೊದಲಿನಿಂದ ಬಂದ ರೂಢಿ ಅಂದರು. ಅದನ್ನೂ ಒಂದು ರೂಲ್ ಮಾಡಿ ಕೋಡಿಗೆ ಸೇರಿಸಿ ಅಂದರು. ಸೇರಿಸಿದೆವು.

ಅಲ್ಲೇ ಪರಿಚಯವಾದವರು ಮಂಗಳೂರು ಕಡೆಯ ಒಬ್ಬ ಸಿಸ್ಟರ್. ಇಪ್ಪತ್ತು ವರ್ಷದಿಂದ ಅಲ್ಲಿದ್ದಾರೆ. ನಾನು ಕನ್ನಡದವನು ಅಂತ ಗೊತ್ತಾದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯೋಕೆ ಜೊತೆಯಾದರು. ಬಂದ ಹೊಸತರಲ್ಲಿ ಅರಬಿ ಒಂದಕ್ಷರ ಬರ್ತಿರಲಿಲ್ಲವಂತೆ. "ಪೇಷಂಟ್ ಅಜ್ಜಿ ನನ್ನ ಕೈ ಹಿಡ್ಕೊಂಡು 'ವಜಾ, ವಜಾ' ಅಂತ ಕೂಗ್ತಾ ಇದ್ರು ಮಾರಾಯ. ನನಗೆ ಕೈಕಾಲೇ ಆಡಲಿಲ್ಲ, ಬಂದ ವಾರದಲ್ಲೇ ಕೆಲಸದಿಂದ ವಜಾ ಮಾಡಿದ್ರಾ ಅಂತ!" ಅರಬಿಯಲ್ಲಿ ಅದಕ್ಕೆ ನೋವು ಅಂತ ಅರ್ಥ. ನಗುವುದೇನೋ ನಕ್ಕೆವು. ಆದರೆ ಯೋಚನೆ ಮಾಡಿ, ನೋವು ಅಂತ ಹೇಳಿದರೂ ತಿಳಿಯದವರ ಕೈಯಲ್ಲಿ ಮಲಗಿದ್ದ ಆ ಅಜ್ಜಿಯ ಪಾಡು ಹೇಗಿದ್ದಿರಬೇಕು.

ಅವರ ವಾರ್ಡಿನಲ್ಲೇ ಒಬ್ಬಳು ಸೌದಿ ಹುಡುಗಿ ಇದ್ದಳು, ಹಳದಿ ಬಣ್ಣದ ಹೆಸರುಗಳಲ್ಲಿ ಒಂದು ಅವಳದ್ದು. ನಮ್ಮ ಸಿಸ್ಟರ್ ಹೇಳಿದರು: "ಅವಳ ಅಣ್ಣ ಇವತ್ತಿಗೂ ತಂಗಿ ನರ್ಸ್ ಅಂತ ಯಾರ ಹತ್ರವೂ ಹೇಳುದಿಲ್ಲ. ಆಸ್ಪತ್ರೆ ಆಫೀಸಲ್ಲಿ ಕೆಲಸ ಅಂತ ಹೇಳುದು." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು, "ನನ್ನ ದೊಡ್ಡಮ್ಮ ಕೂಡ ಹಾಗೇ ಹೇಳ್ತಾ ಇದ್ದದ್ದು."

ರೂಮಿಗೆ ಬಂದು ಹುಡುಕೋಕೆ ಶುರು ಮಾಡಿದೆ. ಅರಬರ ನಾಡಿನಲ್ಲಿ ಮಕ್ಕಳನ್ನು ನರ್ಸಿಂಗಿಗೆ ಕರೆಯುವ ಪ್ರಯತ್ನ ಯಾವಾಗಿನಿಂದ ನಡೆದಿದೆ ಅಂತ. ನಿನ್ನೆ ಮೊನ್ನೆಯದಿರಬಹುದು ಅಂದುಕೊಂಡಿದ್ದೆ. ಸುಮಾರು ಇನ್ನೂರು ವರ್ಷದ್ದು!

ಅರಬ್ ದೇಶಗಳಲ್ಲಿ ನರ್ಸಿಂಗ್ ಬಗ್ಗೆ ಯಾರು ಭಾಷಣ ಮಾಡಿದರೂ ಮೊದಲು ಬರುವ ಹೆಸರು ರುಫೈದಾ ಅಲ್ ಅಸ್ಲಮಿಯಾ. ಏಳನೇ ಶತಮಾನದ ಮದೀನಾದವಳು, ವೈದ್ಯನ ಮಗಳು. 627ರ ಕಂದಕದ ಯುದ್ಧದಲ್ಲಿ ಗಾಯಗೊಂಡ ಸಅದ್ ಇಬ್ನ್ ಮುಆದ್‌ನನ್ನು ಪ್ರವಾದಿಯವರು ಮಸೀದಿಯ ಹತ್ತಿರವಿದ್ದ ಈಕೆಯ ಗುಡಾರಕ್ಕೇ ಕಳಿಸಿದರಂತೆ. ಈಗಲೂ ಬಹರೇನಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಆಕೆಯ ಹೆಸರಿನ ಬಹುಮಾನ ಕೊಡುತ್ತಾರೆ. "ಇದು ಪರದೇಶದಿಂದ ಬಂದ ಕಸುಬಲ್ಲ, ನಮ್ಮದೇ" ಅಂತ ಹುಡುಗಿಯರಿಗೆ ಹೇಳೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆದರೆ ನನಗೆ ಇದರ ಬಗ್ಗೆ ಸ್ವಲ್ಪ ಅನುಮಾನ. ನಾವು ಮಾತೆತ್ತಿದರೆ ಸುಶ್ರುತನ ಹೆಸರು ಹೇಳ್ತೀವಲ್ಲ, ಹಾಗಂತ ಹೆಣದ ಮೇಲೆ ಚಾಕು ಇಟ್ಟು ಕಲಿಯಬೇಕಾಗಿ ಬಂದಾಗ ನಮ್ಮ ಹಿರಿಯರು ಸಾಲುಗಟ್ಟಿ ಬಂದರಾ? ರುಫೈದಾಳ ಹೆಸರೂ ಹಾಗೇ. ಎಲ್ಲರಿಗೂ ಗೌರವ ಇತ್ತು, ಮಗಳನ್ನು ಮಾತ್ರ ಯಾರೂ ಕಳಿಸಲಿಲ್ಲ.

ಇದು ಗೊತ್ತಾಗೋದು ಈಜಿಪ್ಟಿನ ಕಥೆಯಲ್ಲಿ. ನನ್ನನ್ನು ಇಡೀ ರಾತ್ರಿ ಕೂರಿಸಿ ಓದಿಸಿದ್ದು ಇದೇ.

ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಈಜಿಪ್ಟನ್ನು ಆಳುತ್ತಿದ್ದವನು ಮುಹಮ್ಮದ್ ಅಲಿ ಪಾಶಾ. ರೈತರ ಮಕ್ಕಳನ್ನು ಹಿಡಿದು ತಂದು ದೊಡ್ಡ ಸೈನ್ಯ ಕಟ್ಟಿದ. ಸೈನ್ಯ ಅಂದಮೇಲೆ ಕಾಯಿಲೆ. ಅದನ್ನು ನೋಡಿಕೊಳ್ಳೋಕೆ 1825ರಲ್ಲಿ ಫ್ರಾನ್ಸಿನಿಂದ ಕ್ಲೋ ಅನ್ನೋ ವೈದ್ಯನನ್ನು ಕರೆಸಿದ. ಮುಂದೆ 'ಕ್ಲೋ ಬೇ' ಅಂತ ಹೆಸರಾದವನು ಇವನೇ. 1827ರಲ್ಲಿ ಕೈರೋ ಹತ್ತಿರದ ಅಬೂ ಜಾಬಲ್ ಎಂಬಲ್ಲಿ ಗಂಡಸರಿಗೆ ವೈದ್ಯಕೀಯ ಶಾಲೆ ಶುರುವಾಯಿತು. ಆದರೆ ಸಿಡುಬು ಮಕ್ಕಳನ್ನು ಸಾಯಿಸುತ್ತಿತ್ತು. ಗಂಡಸು ವೈದ್ಯ ಚುಚ್ಚುಮದ್ದು ಹಿಡಿದುಕೊಂಡು ಯಾರ ಮನೆಯ ಒಳಮನೆಗೂ ಹೋಗುವ ಹಾಗಿರಲಿಲ್ಲ. ಹೆರಿಗೆಯ ವಿಷಯವಂತೂ ಕೇಳಲೇಬೇಡಿ. ಹೆಂಗಸರೇ ಕಲಿಯಬೇಕಿತ್ತು. ಹಾಗಾಗಿ 1832ರಲ್ಲಿ 'ಹಕೀಮಾ'ಗಳ ಶಾಲೆ ತೆರೆದರು. ನಮ್ಮಲ್ಲೂ ಹಳೆಯ ಊರುಗಳಲ್ಲಿ ಹಕೀಮರು ಅಂತ ಇದ್ದರಲ್ಲ, ಅದೇ ಶಬ್ದ. ಹಕೀಮಾ ಅದರ ಸ್ತ್ರೀಲಿಂಗ.

ಶಾಲೆ ತೆರೆದದ್ದಾಯಿತು. ಬಂದವರು ಎಷ್ಟು ಜನ ಅಂತೀರಿ? ಒಬ್ಬಳೂ ಇಲ್ಲ. ಯಾವ ತಂದೆ ತಾಯಿಯೂ ಮಗಳನ್ನು ಕಳಿಸೋಕೆ ಒಪ್ಪಲಿಲ್ಲ. ಆಗ ಸರಕಾರ ಮಾಡಿದ್ದನ್ನು ಓದಿ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಕೈರೋದ ಗುಲಾಮರ ಸಂತೆಗೆ ಹೋಗಿ ಹತ್ತು ಜನ ಹುಡುಗಿಯರನ್ನು ದುಡ್ಡು ಕೊಟ್ಟು ತಂದರು. ಸೂಡಾನಿನವರು, ಅಬಿಸೀನಿಯಾದವರು. ಜೊತೆಗೆ ಅರಮನೆಯಿಂದ ಇಬ್ಬರು ನಪುಂಸಕ ಸೇವಕರು. ಆಧುನಿಕ ಅರಬ್ ಜಗತ್ತಿನಲ್ಲಿ ಹೆಂಗಸರಿಗೆ ವೈದ್ಯಕೀಯ ಕಲಿಸಿದ ಮೊದಲ ಸರಕಾರಿ ತರಗತಿ ಇದು. ಅದರಲ್ಲಿ ಕೂತವರಿಗೆ ಕಸುಬನ್ನು ಆರಿಸಿಕೊಳ್ಳುವ ಮಾತಿರಲಿ, ಸ್ವಂತ ಹೆಸರನ್ನು ಉಳಿಸಿಕೊಳ್ಳುವ ಹಕ್ಕೂ ಇರಲಿಲ್ಲ.

ಆಮೇಲಿನ ತಂಡಗಳಿಗೆ ಆಸ್ಪತ್ರೆಗಳಲ್ಲಿ ಯಾರೂ ದಿಕ್ಕಿಲ್ಲದೆ ಉಳಿದ ಅನಾಥ ಹುಡುಗಿಯರನ್ನು ಸೇರಿಸಿಕೊಂಡರು. ಆರು ವರ್ಷದ ಓದು. ಅಕ್ಷರವೇ ಗೊತ್ತಿಲ್ಲದ ಹುಡುಗಿಯರಾದ್ದರಿಂದ ಮೊದಲು ಅರಬಿ ಓದು ಬರಹ, ಆಮೇಲೆ ಹೆರಿಗೆ, ಗಾಯಕ್ಕೆ ಕಟ್ಟು ಹಾಕೋದು, ಸಿಡುಬಿನ ಲಸಿಕೆ. ಊಟ, ಬಟ್ಟೆ, ತಿಂಗಳಿಗೆ ಇಷ್ಟು ಅಂತ ಭತ್ಯೆ. ಪಾಸಾದವರಿಗೆ ಸೈನ್ಯದ ಸೆಕೆಂಡ್ ಲೆಫ್ಟಿನೆಂಟ್ ದರ್ಜೆ! ಅಷ್ಟೇ ಅಲ್ಲ, ವೈದ್ಯಕೀಯ ಶಾಲೆಯಲ್ಲಿ ಓದಿದ ಗಂಡುಗಳನ್ನು ಹುಡುಕಿ ಸರಕಾರವೇ ನಿಂತು ಮದುವೆಯನ್ನೂ ಮಾಡಿಸುತ್ತಿತ್ತು. (ಮದುವೆ ದಲ್ಲಾಳಿ ಕೆಲಸ ಮಾಡಿದ ಆರೋಗ್ಯ ಇಲಾಖೆ ಪ್ರಪಂಚದಲ್ಲಿ ಇನ್ನೊಂದಿದೆಯೋ ಇಲ್ಲವೋ!) ತಮ್ರಹಾನ್ ಎಂಬ ಹುಡುಗಿ ಇಲ್ಲೇ ಕಲಿತು ಇಲ್ಲೇ ಕಲಿಸುವವಳಾದಳು. ಆಕೆಯ ಮಗಳು ಜಲೀಲಾ ಕೂಡ ತಾಯಿಯ ದಾರಿಯನ್ನೇ ಹಿಡಿದಳು.

ಈ ಹಕೀಮಾಗಳು ಕೇರಿ ಕೇರಿ ಸುತ್ತಿ ಮಕ್ಕಳಿಗೆ ಲಸಿಕೆ ಹಾಕಿದರು. ಹೆರಿಗೆ ಮಾಡಿಸಿದರು. ಹೆಂಗಸರು ಸತ್ತಾಗ ಕಾರಣ ಪರೀಕ್ಷೆ ಮಾಡಿ ಬರೆದುಕೊಡುತ್ತಿದ್ದರು, ಪೊಲೀಸ್ ಕೇಸುಗಳಲ್ಲಿ ಸಾಕ್ಷಿ ಹೇಳುತ್ತಿದ್ದರು. ಇದು ದೇಶದ ಮೇಲಿನ ಪ್ರೀತಿಯಿಂದ ಮಾತ್ರ ನಡೆದದ್ದಲ್ಲ, ಪಾಶಾನಿಗೆ ಸೈನ್ಯಕ್ಕೆ ಆರೋಗ್ಯವಂತ ಹುಡುಗರು ಬೇಕಿತ್ತು. ಅದೇನೇ ಇರಲಿ, ಆ ಹುಡುಗಿಯರಿಗೆ ಅವನು ಕೊಟ್ಟದ್ದನ್ನು ಒಮ್ಮೆ ನೋಡಿ. ಸಂಬಳ, ದರ್ಜೆ, ಮದುವೆ. ಮಗಳನ್ನು ಕಳಿಸದ ಅಪ್ಪನ ತಲೆಯಲ್ಲಿ ಓಡುವ ಪ್ರಶ್ನೆಗಳೂ ಇವೇ ತಾನೆ? ಎಷ್ಟು ಬರುತ್ತೆ, ಜನ ಏನಂತಾರೆ, ಯಾರು ಮದುವೆ ಆಗ್ತಾರೆ.

ಅಂದ ಹಾಗೆ, ಫ್ಲಾರೆನ್ಸ್ ನೈಟಿಂಗೇಲ್ 1849-50ರ ಚಳಿಗಾಲದಲ್ಲಿ ಈಜಿಪ್ಟಿಗೆ ಬಂದಿದ್ದಳು, ನೈಲ್ ನದಿಯಲ್ಲಿ ದೋಣಿ ಪ್ರಯಾಣಕ್ಕೆ. ಅಲೆಕ್ಸಾಂಡ್ರಿಯಾದಲ್ಲಿ ಕ್ರೈಸ್ತ ಸನ್ಯಾಸಿನಿಯರು ರೋಗಿಗಳನ್ನು ನೋಡಿಕೊಳ್ಳುವುದನ್ನು ಹತ್ತಿರದಿಂದ ಕಂಡಳು. ಕ್ರಿಮಿಯಾ ಯುದ್ಧ, ಆ ಲಾಂದ್ರ, ಎಲ್ಲ ಆಮೇಲಿನದು. ಆಗಿನ್ನೂ ಅವಳ ಮನೆಯಲ್ಲಿ "ನಮ್ಮಂಥ ಮನೆತನದ ಹುಡುಗಿ ನರ್ಸ್ ಆಗೋದಾ?" ಅಂತ ಜಗಳ ನಡೀತಿತ್ತು. ಅದೇ ಹೊತ್ತಿಗೆ ಈಜಿಪ್ಟಿನಲ್ಲಿ ಹಕೀಮಾಗಳ ಶಾಲೆ ಶುರುವಾಗಿ 17 ವರ್ಷ ದಾಟಿತ್ತು. ನಾವು ಶಾಲೆಯಲ್ಲಿ ಓದಿದ್ದು ಲಾಂದ್ರದ ಕಥೆ ಮಾತ್ರ.

1882ರಲ್ಲಿ ಬ್ರಿಟಿಷರು ಈಜಿಪ್ಟನ್ನು ಹಿಡಿದರು. ಅವರ ಲೆಕ್ಕದಲ್ಲಿ ವೈದ್ಯ ಅಂದರೆ ಗಂಡಸು, ಹೆಂಗಸು ಅಂದರೆ ಅವನ ಕೈಕೆಳಗಿನ ನರ್ಸ್. ಹಕೀಮಾಗಳ ಶಾಲೆಯನ್ನು ಬದಲಾಯಿಸಿ ನರ್ಸು, ಸೂಲಗಿತ್ತಿಯರನ್ನು ತಯಾರು ಮಾಡುವ ಶಾಲೆ ಮಾಡಿದರು, ಮೇಲೆ ಇಂಗ್ಲಿಷ್ ಮೇಟ್ರನ್‌ಗಳು ಕೂತರು. ಸೈನ್ಯದ ದರ್ಜೆಯ ಹಕೀಮಾ ಹೋಗಿ, ಡಾಕ್ಟರ್ ಹೇಳಿದ್ದನ್ನು ಮಾಡುವ 'ಮುಮರ್ರಿದಾ' ಬಂದಳು. ಇವತ್ತಿಗೂ ಅರಬಿಯಲ್ಲಿ ನರ್ಸಿಗೆ ಇದೇ ಶಬ್ದ. ಕಾಯಿಲೆ ಅನ್ನೋ ಅರ್ಥದ ಧಾತುವಿನಿಂದ ಬಂದದ್ದು. ಹಕೀಮಾ ಅಂದರೆ ತಿಳಿದವಳು, ಮುಮರ್ರಿದಾ ಅಂದರೆ ಕಾಯಿಲೆಯವರನ್ನು ನೋಡಿಕೊಳ್ಳುವವಳು. ಅರಬ್ ಸಮಾಜಕ್ಕೆ ನರ್ಸಿಂಗ್ ಅಂದರೆ ಮೊದಲಿನಿಂದಲೂ ತಾತ್ಸಾರ ಅಂತ ಬರೆಯುವವರು ಈ ಒಂದು ಪುಟವನ್ನು ಹಾರಿಸಿಬಿಡುತ್ತಾರೆ ಅಂತ ನನಗನ್ನಿಸುತ್ತೆ. ತಾತ್ಸಾರ ಇತ್ತು, ನಿಜ. ಆದರೆ ಅದಕ್ಕೆ ಹೊರಗಿನವರ ಕೈಯೂ ಸೇರಿತ್ತು.

ಬೈರೂತಿನಲ್ಲಿ ಅಮೆರಿಕನ್ ಮಿಷನರಿಗಳ ಕಾಲೇಜು (ಈಗಿನ ಅಮೆರಿಕನ್ ಯೂನಿವರ್ಸಿಟಿ) 1905ರಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ನಮ್ಮ ಪಕ್ಕದ ವೆಲ್ಲೂರಿನಲ್ಲಿ ಐಡಾ ಸ್ಕಡರ್ ನರ್ಸಿಂಗ್ ಶಾಲೆ ತೆರೆದದ್ದು 1909ರಲ್ಲಿ. ನಾಲ್ಕೇ ವರ್ಷದ ಅಂತರ. ಎರಡೂ ಕಡೆ ಕಷ್ಟವೂ ಒಂದೇ ಥರದ್ದು. ಮುಟ್ಟು ಮೈಲಿಗೆ, ಪರಪುರುಷನ ಮೈ, ಜಾತಿಯವರ ಬಾಯಿ. ಮಂಗಳೂರು ಸಿಸ್ಟರ್ ದೊಡ್ಡಮ್ಮನ ಮಾತು ಎಲ್ಲಿಂದ ಬಂತು ಅನ್ನೋದಕ್ಕೆ ನಾವು ಅರಬಸ್ಥಾನಕ್ಕೆ ಹೋಗಬೇಕಿಲ್ಲ.

ಇನ್ನು ನಾನಿದ್ದ ಸೌದಿಗೆ ಬರೋಣ. ಇಲ್ಲಿನ ಕಥೆಯಲ್ಲಿ ನನಗೆ ಇಷ್ಟವಾದ ಹೆಸರು ಲುತ್ಫಿಯಾ ಅಲ್ ಖತೀಬ್. ಕೈರೋದಲ್ಲಿ ನರ್ಸಿಂಗ್ ಓದಿ 1941ರಲ್ಲಿ ಡಿಪ್ಲೊಮಾ ಪಡೆದ ಸೌದಿ ಹೆಣ್ಣುಮಗಳು. ವಾಪಸ್ ಬಂದು, ಹುಡುಗಿಯರು ಓದಬೇಕು, ನರ್ಸುಗಳಾಗಬೇಕು ಅಂತ ದುಡಿದಳು. ಆ ಕಾಲ ಎಂಥದ್ದು ಅಂತ ನೆನಪಿಟ್ಟುಕೊಳ್ಳಿ. ಅಲ್ಲಿ ಹುಡುಗಿಯರಿಗೆ ಸರಕಾರಿ ಶಾಲೆಗಳು ಶುರುವಾದದ್ದೇ 1960ರಲ್ಲಿ. ಅಕ್ಷರ ಕಲಿಸದೆ ನರ್ಸ್ ಆಗು ಅಂದರೆ ಹೇಗೆ?

ಆರೋಗ್ಯ ಇಲಾಖೆ ಮೊದಲು ಗಂಡಸರಿಂದ ಶುರು ಮಾಡಿತು. 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಾಯದಿಂದ ರಿಯಾದಿನಲ್ಲಿ ಒಂದು ವರ್ಷದ ತರಬೇತಿ. ಮೊದಲ ತಂಡದಲ್ಲಿ 15 ಜನ, ಎಲ್ಲರೂ ಹುಡುಗರು. (ಚಿಕ್ಕಪ್ಪ, ಕೇಳಿಸ್ಕೊಂಡ್ರಾ?) ಹುಡುಗಿಯರ ಶಾಲೆಗಳು ಬಂದದ್ದು 1961ರಲ್ಲಿ, ರಿಯಾದಿನಲ್ಲೊಂದು, ಜಿದ್ದಾದಲ್ಲೊಂದು. ಆರನೇ ತರಗತಿ ಮುಗಿಸಿದ್ದರೆ ಸಾಕಿತ್ತು. ಅದಕ್ಕಿಂತ ಹೆಚ್ಚು ಓದಿದ ಹುಡುಗಿಯರನ್ನು ಎಲ್ಲಿಂದ ತರೋದು? ಬುರೈದಾ ಊರಿನಲ್ಲಿ ಹುಡುಗಿಯರ ಶಾಲೆಯೇ ಬೇಡ ಅಂತ 1963ರಲ್ಲಿ ಜನ ಎದ್ದು ನಿಂತಿದ್ದರು.

ಆದರೆ ಈ 'ಆರನೇ ಕ್ಲಾಸು ಸಾಕು' ಅನ್ನೋದೇ ಮುಂದೆ ಮುಳುವಾಯಿತು ಅಂತ ನನ್ನ ಅನಿಸಿಕೆ. ಬಾಗಿಲು ಅಗಲ ಮಾಡಿದ್ದೇನೋ ಸರಿ, ಆದರೆ ನರ್ಸಿಂಗ್ ಅಂದರೆ ಹೆಚ್ಚು ಓದದವರ ಕೆಲಸ ಅಂತ ಜನರ ತಲೆಯಲ್ಲಿ ಕೂತುಬಿಟ್ಟಿತು. 1976ರಲ್ಲಿ ರಿಯಾದಿನ ವಿಶ್ವವಿದ್ಯಾಲಯ (ಈಗ ಅದು ಕಿಂಗ್ ಸೌದ್ ವಿಶ್ವವಿದ್ಯಾಲಯ) ನರ್ಸಿಂಗ್ ಪದವಿ ಶುರು ಮಾಡಿತು, 1987ರಲ್ಲಿ ಸ್ನಾತಕೋತ್ತರ ಪದವಿ. ಅಷ್ಟರಲ್ಲಿ ಇನ್ನೊಂದು ಆಗಿಹೋಗಿತ್ತು. 1973ರಲ್ಲಿ ಎಣ್ಣೆ ಬೆಲೆ ಒಂದೇ ಸಮ ಏರಿ ಕೈತುಂಬ ದುಡ್ಡು ಬಂತು. ದೊಡ್ಡ ದೊಡ್ಡ ಆಸ್ಪತ್ರೆಗಳು ಎದ್ದವು. ನರ್ಸುಗಳು ನಾಳೆಯೇ ಬೇಕಿತ್ತು. ಮಗಳನ್ನು ಕಳಿಸಿ ಅಂತ ಅಪ್ಪಂದಿರನ್ನು ಒಪ್ಪಿಸುತ್ತಾ ಕೂರೋದಕ್ಕಿಂತ ಮನಿಲಾಕ್ಕೋ ಕೊಚ್ಚಿಗೋ ಒಂದು ತಂಡ ಕಳಿಸೋದು ಸುಲಭ. ನಮ್ಮ ಕಂಪನಿಗಳೂ ಇದನ್ನೇ ಮಾಡ್ತವಲ್ಲ, ಹೊಸಬರಿಗೆ ಕಲಿಸೋಕೆ ಟೈಮಿಲ್ಲ, ಕಾಂಟ್ರಾಕ್ಟಿನಲ್ಲಿ ತಗೊಳ್ಳಿ ಅಂತ.

ಕೇರಳದಿಂದ, ನಮ್ಮ ದಕ್ಷಿಣ ಕನ್ನಡದಿಂದ ಹೋದ ಸಿಸ್ಟರ್‌ಗಳು ಆ ಆಸ್ಪತ್ರೆಗಳನ್ನು ಹೆಗಲ ಮೇಲೆ ಹೊತ್ತರು. ಅವರು ಕಳಿಸಿದ ದುಡ್ಡಲ್ಲಿ ಇಲ್ಲಿ ಮನೆಗಳೆದ್ದವು, ತಮ್ಮಂದಿರು ಇಂಜಿನಿಯರಿಂಗ್ ಓದಿದರು. ಅದನ್ನು ನಾನು ಹಗುರ ಮಾಡಿ ಹೇಳುತ್ತಿಲ್ಲ. ಆದರೆ ಸೌದಿ ಹುಡುಗಿಯ ದೃಷ್ಟಿಯಿಂದ ನೋಡಿ. ಅವಳು ಹುಟ್ಟಿದಾಗಿನಿಂದ ಕಂಡ ನರ್ಸ್ ಅಂದರೆ ಬೇರೆ ದೇಶದವಳು, ಹಾಸ್ಟೆಲಿನಲ್ಲಿ ಇರುವವಳು, ಆಸ್ಪತ್ರೆ ಬಸ್ಸಿನಲ್ಲಿ ಓಡಾಡುವವಳು. ಅಪ್ಪ ಅಮ್ಮನ ಮನೆಯಿಂದ ಹೋಗಿ ಬರುವ ನರ್ಸ್ ಹೇಗಿರುತ್ತಾಳೆ ಅಂತ ತೋರಿಸೋಕೆ ಸುತ್ತಮುತ್ತ ಯಾರೂ ಇರಲಿಲ್ಲ. 2018ರ ಜೂನ್‌ವರೆಗೆ ಹೆಂಗಸರು ಕಾರು ಓಡಿಸುವ ಹಾಗೂ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಅಂದರೆ ಅಣ್ಣನೋ ಅಪ್ಪನೋ ಡ್ರೈವರ್ರೋ ಕರೆದುಕೊಂಡು ಹೋಗಬೇಕು, ಬೆಳಗ್ಗೆ ಮತ್ತೆ ಬರಬೇಕು. "ಸೌದಿ ಹುಡುಗಿಯರಿಗೆ ಸೇವಾ ಮನೋಭಾವ ಇಲ್ಲ" ಅಂತ ಆಫೀಸಿನಲ್ಲಿ ಒಬ್ಬರು ನನಗೆ ಹೇಳಿದ್ದರು. ಮನೋಭಾವ ಇದ್ದರೂ ಡ್ರೈವರ್ ಬರದಿದ್ದರೆ ಏನು ಮಾಡ್ತಾಳೆ ಸ್ವಾಮೀ?

ಇದೇ ಪ್ರಶ್ನೆಗೆ ಪಕ್ಕದ ಓಮಾನ್ ಬೇರೆ ಉತ್ತರ ಹುಡುಕಿತು. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿದ್ದ ಶಾಲೆಗಳು ಮೂರೇ ಮೂರು. ಅಲ್ಲಿಯೂ ಭಾರತದ ನರ್ಸುಗಳೇ ಹೆಚ್ಚು. ಆದರೆ 1990ರ ದಶಕದಲ್ಲಿ ಅವರೊಂದು ಜಾಣತನ ಮಾಡಿದರು. ಹುಡುಗಿಯರನ್ನೆಲ್ಲ ಮಸ್ಕತ್ತಿಗೆ ಬನ್ನಿ ಅನ್ನೋ ಬದಲು ನರ್ಸಿಂಗ್ ಶಾಲೆಗಳನ್ನೇ ಊರುಗಳಿಗೆ ಒಯ್ದರು. ನಿಜ್ವಾ, ಸೂರ್, ಇಬ್ರಾ, ಇಬ್ರಿ, ರುಸ್ತಾಕ್, ಸೊಹಾರ್, ದಕ್ಷಿಣದಲ್ಲಿ ಸಲಾಲಾ. ಮಗಳು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರ್ತಾಳೆ ಅಂದಮೇಲೆ ಅಪ್ಪನ ಮುಖದ ಗಂಟು ಅರ್ಧ ಸಡಿಲವಾಗುತ್ತೆ. ಮುಂದೆ ಕೆಲಸವೂ ಅದೇ ಸೀಮೆಯ ಆಸ್ಪತ್ರೆಯಲ್ಲಿ. ಹತ್ತು ಹದಿನೈದು ವರ್ಷದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಓಮಾನಿ ನರ್ಸುಗಳೇ ಹೆಚ್ಚಾದರು. ದೊಡ್ಡ ಪ್ರಚಾರವೇನೂ ಬೇಕಾಗಲಿಲ್ಲ, ಬಸ್ಸಿನ ದೂರ ಕಡಿಮೆ ಮಾಡಿದರು ಅಷ್ಟೇ.

ಜೋರ್ಡಾನಿನದ್ದು ಮತ್ತೊಂದು ಥರ. ಎಣ್ಣೆ ಇಲ್ಲ, ಹೊರಗಿನವರನ್ನು ಕರೆಸೋಕೆ ದುಡ್ಡಿಲ್ಲ. 1953ರಲ್ಲಿ ಅಮ್ಮಾನಿನಲ್ಲಿ ಮೊದಲ ನರ್ಸಿಂಗ್ ಶಾಲೆ, 1962ರಲ್ಲಿ ಸೈನ್ಯದ ನರ್ಸಿಂಗ್ ಕಾಲೇಜು, 1972ರಲ್ಲಿ ಜೋರ್ಡಾನ್ ವಿಶ್ವವಿದ್ಯಾಲಯದಲ್ಲಿ ಪದವಿ. ಸೈನ್ಯದ ಕಾಲೇಜಿಗೆ ಇಟ್ಟ ಹೆಸರು ರಾಜಕುಮಾರಿ ಮುನಾ ಅವರದ್ದು, ಈಗಿನ ದೊರೆ ಎರಡನೇ ಅಬ್ದುಲ್ಲಾರ ತಾಯಿ. ಮೂಲತಃ ಇಂಗ್ಲೆಂಡಿನವರು. ದಶಕಗಳ ಕಾಲ ನರ್ಸಿಂಗ್ ಅನ್ನೇ ತಮ್ಮ ಕೆಲಸ ಮಾಡಿಕೊಂಡರು, 2002ರಲ್ಲಿ ಶುರುವಾದ ಜೋರ್ಡಾನ್ ನರ್ಸಿಂಗ್ ಕೌನ್ಸಿಲಿಗೂ ಅವರೇ ಅಧ್ಯಕ್ಷೆ. ಅರಮನೆಯವರೇ ಜೊತೆಗೆ ನಿಂತ ಕಸುಬನ್ನು ಕೀಳು ಅಂತ ಅನ್ನೋಕೆ ನಾಲಿಗೆ ಸ್ವಲ್ಪ ತಡೆಯುತ್ತೆ.

ಆದರೆ ಜೋರ್ಡಾನಿನಲ್ಲಿ ನನಗೆ ಆಶ್ಚರ್ಯ ಆಗಿದ್ದು ಹುಡುಗರು. ಅಲ್ಲಿನ ನರ್ಸಿಂಗ್ ಕ್ಲಾಸುಗಳಲ್ಲಿ ಹುಡುಗರದು ದೊಡ್ಡ ಸಂಖ್ಯೆ. ಕಾರಣ ಬಹಳ ಸರಳ. ಬೇರೆ ಡಿಗ್ರಿ ಹಿಡಿದವರು ವರ್ಷಗಟ್ಟಲೆ ಕೆಲಸ ಹುಡುಕುವಾಗ ನರ್ಸಿಂಗ್ ಮುಗಿಸಿದವನಿಗೆ ಕೆಲಸ ಸಿಗುತ್ತಿತ್ತು. ಅರಬ್ ಆಸ್ಪತ್ರೆಗಳಲ್ಲಿ ಗಂಡಸರ ವಾರ್ಡಿಗೆ ಗಂಡು ನರ್ಸ್ ಬೇಕು ಅನ್ನುವವರು ಜಾಸ್ತಿ, ಕೊಲ್ಲಿ ದೇಶಗಳಲ್ಲಿ ಭಾಷೆ ಬಲ್ಲವನಿಗೆ ಇನ್ನೂ ಬೆಲೆ. ಹೆಂಗಸರನ್ನು ತಡೆದ ಅದೇ ಪರದೆ ಗಂಡಸರಿಗೆ ಬಾಗಿಲು ತೆಗೆದದ್ದು ತಮಾಷೆಯಾಗಿದೆ. ನಮ್ಮ ಆಸ್ಪತ್ರೆಯ ಐಸಿಯುನಲ್ಲಿ ಅಮ್ಮಾನಿನ ಒಬ್ಬ ನರ್ಸ್ ಇದ್ದ, ನನ್ನದೇ ವಯಸ್ಸು. ಮನೆಯಲ್ಲಿ ಏನೂ ಅನ್ನಲಿಲ್ಲವಾ ಅಂತ ಕೇಳಿದೆ. "ಮೊದಲ ಸಂಬಳ ಬರೋ ತನಕ ಅಂದರು" ಅಂದ.

ಕೊನೆಗೆ ಆ ಹಳದಿ ಬಣ್ಣದ ಹುಡುಗಿಯ ವಿಷಯ. ನಾನು ಹೊರಡೋಕೆ ಒಂದು ವಾರ ಇದ್ದಾಗ ಅವಳು ನಮ್ಮ ಮಂಗಳೂರು ಸಿಸ್ಟರ್ ಜೊತೆ ನಮ್ಮ ರೂಮಿಗೆ ಬಂದಳು. ತನ್ನ ಹೆಸರಿನ ಮುಂದಿನ ರೂಲ್ ತೆಗೆಯಬೇಕು ಅಂದಳು. ರಾತ್ರಿ ವಾರ್ಡಿನಲ್ಲಿ ಆಗುವ ಎಮರ್ಜೆನ್ಸಿ ಒಂದನ್ನೂ ನೋಡದೆ ತಾನು ಸೀನಿಯರ್ ಆಗೋದು ಹೇಗೆ, ಜೊತೆಗೆ ತನ್ನ ಪಾಲಿನ ನೈಟನ್ನೆಲ್ಲ ಬೇರೆಯವರು ಮಾಡ್ತಾ ಇದ್ದರೆ ಅವರ ಮುಖ ನೋಡೋದು ಹೇಗೆ ಅಂತ. ನಿಮ್ಮನ್ನು ಯಾರು ಬಿಡ್ತಾರೆ ರಾತ್ರಿ ಅಂತ ನಮ್ಮ ಟೀಮಿನವನೊಬ್ಬ ಕೇಳಿಬಿಟ್ಟ. ಅವಳು ಕೋಟಿನ ಜೇಬಿನಿಂದ ಕಾರಿನ ಕೀ ತೆಗೆದು ಮೇಜಿನ ಮೇಲಿಟ್ಟಳು.

ನಮಗೆ ಅಧಿಕಾರ ಇರಲಿಲ್ಲ, ನರ್ಸಿಂಗ್ ಆಫೀಸಿನಿಂದ ಮೇಲ್ ಬರಬೇಕಿತ್ತು. ಎರಡು ದಿನದಲ್ಲಿ ಬಂತು. ಒಂದು ಟಿಕ್ ತೆಗೆದೆ, ಅಷ್ಟೇ ಕೆಲಸ. ಮುಂದಿನ ವಾರದ ಪಟ್ಟಿ ಪ್ರಿಂಟ್ ಆಗಿ ವಾರ್ಡಿನ ಗೋಡೆ ಮೇಲೆ ಬಂದಾಗ ಅವಳ ಹೆಸರಿನ ಮುಂದೆ ಭಾನುವಾರ, ಸೋಮವಾರ, ಮಂಗಳವಾರ ಮೂರೂ ದಿನ ನೈಟ್ ಇತ್ತು. ಸಿಸ್ಟರ್ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರು. ಅಣ್ಣ ಈಗ ಏನಂತಾನೆ ಅಂತ ಕೇಳಿದ್ದಕ್ಕೆ, "ಎಂತ ಹೇಳುದು, ಪಾರ್ಕಿಂಗಲ್ಲಿ ದೀಪ ಸರಿ ಉಂಟಾ ಅಂತ ಬಂದು ನೋಡ್ಕೊಂಡು ಹೋದ" ಅಂತ ಬರೆದಿದ್ದರು.

ಭಾನುವಾರ ಚಿಕ್ಕಪ್ಪನಿಗೆ ಫೋನ್ ಮಾಡಬೇಕು. ಹುಡುಗನಿಗೆ ಬುದ್ಧಿ ಹೇಳುವ ವಿಚಾರ ಕೈಬಿಟ್ಟಿದ್ದೇನೆ, ಚಿಕ್ಕಪ್ಪನ ಹತ್ತಿರವೇ ಮಾತಾಡೋದು ಅಂತ. ಸಂಬಳ ಎಷ್ಟು, ಹೆಣ್ಣು ಯಾರು ಕೊಡ್ತಾರೆ ಅಂತ ಕೇಳೇ ಕೇಳ್ತಾರೆ. ಸೌದಿ, ಓಮಾನ್ ಅಂತ ಕಥೆ ಹೇಳಿದರೆ "ಅದೆಲ್ಲ ಅಲ್ಲಿ, ಅರಸೀಕೆರೆಯಲ್ಲಿ ಹೇಳು" ಅಂತಾರೆ, ಗೊತ್ತು. ಹಾಗಾಗಿ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ನರ್ಸಿಂಗ್ ಓದಿದ ಗಂಡು ಹುಡುಗರಿದ್ದರೆ, ಈಗ ಎಲ್ಲಿದ್ದಾರೆ, ಹೇಗಿದ್ದಾರೆ, ಮದುವೆ ಆಯ್ತಾ ಅಂತ ಕೆಳಗೆ ಎರಡು ಸಾಲು ಬರೆದು ಹಾಕಿ. ಊರಿನ ಹೆಸರೂ ಇರಲಿ. ಶನಿವಾರ ರಾತ್ರಿಯೊಳಗೆ ಸಿಕ್ಕರೆ ಒಳ್ಳೇದು.